ಸರ್ವಮಂಗಳ ಬರೆಯಲಾರದ ಪದ

೧೯೮೫ರ ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ, ಗುಬ್ಬಿಯ ಮನೆಯಲ್ಲಿ ರೊಟ್ಟಿ ಬೇಯಿಸುತ್ತಿದ್ದ ಸರ್ವಮಂಗಳಳ ಎಡಗೈ ಕಾದ ಹೆಂಚಿಗೆ ತಗುಲಿಕೊಂಡಿತು. ಅದು ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಹೊಸಿಲ ಮೇಲೆ ಜಡೆಗಾಗಿ ಕಾಯುತ್ತ ಕೂತಿದ್ದ ಮಗಳಿಗೆ.

"ಅಮ್ಮ, ಏನೋ ಸುಟ್ಟ ವಾಸ್ನೆ," ಎಂದಳು ಪುಟ್ಟಿ. ಆಮೇಲೆ ದನಿ ಇಳಿಸಿ, "ಅಮ್ಮ, ನಿನ್ ಕೈ," ಎಂದಳು.

ಸರ್ವಮಂಗಳ ಕೈ ಎಳೆದುಕೊಂಡಳು. ಕಿರುಬೆರಳಿನ ಕಡೆಯ ಮುಂಗೈ ಮೇಲೆ ಚರ್ಮ ಬೆಂದು ಸುಕ್ಕಾಗಿತ್ತು. ನೋವಿರಲಿಲ್ಲ. ಆ ಜಾಗದಲ್ಲಿ ಒಂದು ವರ್ಷದಿಂದ ಬೆಳ್ಳಗಿನ ಮಚ್ಚೆಯೊಂದಿತ್ತು. ಚಿಬ್ಬು ಇರಬೇಕು, ಹೋಗುತ್ತದೆ ಎಂದುಕೊಂಡಿದ್ದಳು. ಅತ್ತೆ ಹಿತ್ತಲಿನಿಂದ ಬರುವ ಮೊದಲೇ ಸೆರಗಿನಿಂದ ಕೈ ಮುಚ್ಚಿ, ಬಚ್ಚಲಿಗೆ ಹೋಗಿ ಅಗಳಿ ಹಾಕಿಕೊಂಡಳು. ಹೆರಳಿನ ಪಿನ್ನು ತೆಗೆದು ಮಚ್ಚೆಯ ನಡುವೆ ಚುಚ್ಚಿದಳು. ಇನ್ನೂ ಒತ್ತಿದಳು. ರಕ್ತ ಬಂತು. ಚುಚ್ಚಿದ್ದು ಬೇರೆ ಯಾರದೋ ಕೈಯೇನೋ ಎನ್ನುವ ಹಾಗಿತ್ತು. ಅವಳು ಹಂಡೆಯ ಕಟ್ಟೆ ಹಿಡಿದು ಕೂತುಬಿಟ್ಟಳು.

ಹೀಗೆ ಹೆದರುವುದಕ್ಕೆ ಅವಳಿಗೆ ಕಾರಣವಿತ್ತು. ಅವಳ ತವರು ಕುಣಿಗಲ್. ಅವಳ ತಾಯಿಯ ಅಕ್ಕ ಶಿವರುದ್ರಮ್ಮ ಕಾಶಿಗೆ ಹೋಗಿದ್ದಾಳೆಂದು ಆ ಮನೆಯಲ್ಲಿ ಮಕ್ಕಳಿಗೆ ಹೇಳಿದ್ದರು. ಆದರೆ ಹುತ್ರಿದುರ್ಗದ ಕಡೆ ಅವರದೊಂದು ಹೊಲವಿತ್ತು, ಹೊಲದ ಮೂಲೆಯಲ್ಲಿ ಒಂದು ಗುಡಿಸಲಿತ್ತು. ಕಡಲೇಕಾಯಿ ಕೀಳುವ ಕಾಲದಲ್ಲಿ ದೊಡ್ಡವರ ಕಣ್ಣು ತಪ್ಪಿಸಿ ಆ ಕಡೆ ಹೋದ ಹುಡುಗಿ ಸರ್ವಮಂಗಳಳಿಗೆ ಕಾಶಿಗೆ ಹೋದ ದೊಡ್ಡಮ್ಮ ಅಲ್ಲೇ ಕಂಡಿದ್ದಳು. ಊಟವನ್ನು ದೂರದ ಬಂಡೆಯ ಮೇಲೆ ಇಟ್ಟು ಹೋಗಿದ್ದರು. ದೊಡ್ಡಮ್ಮ "ಬಾರೆ ಕೂಸೆ" ಎಂದು ಕೈ ಎತ್ತಿ ಕರೆದಳು. ಆ ಕೈಯಲ್ಲಿ ಬೆರಳುಗಳಿರಲಿಲ್ಲ. ಹುಡುಗಿ ಓಡಿ ಬಂದು ಮೂರು ದಿನ ಜ್ವರದಲ್ಲಿ ಮಲಗಿದಳು. ಅವಳಿಗೆ ಹದಿನಾರು ತುಂಬುವ ಹೊತ್ತಿಗೆ ದೊಡ್ಡಮ್ಮ ತೀರಿಕೊಂಡಿದ್ದಳು. ಮನೆಯಲ್ಲಿ ಯಾರೂ ಗಟ್ಟಿಯಾಗಿ ಅಳಲಿಲ್ಲ. ಆ ರೋಗಕ್ಕೆ ಒಂದು ಹೆಸರಿದೆಯೆಂದೂ ಯಾರೂ ಹೇಳಲಿಲ್ಲ. 'ದೊಡ್ಡ ರೋಗ' ಎನ್ನುತ್ತಿದ್ದರು, ಅದನ್ನೂ ಪಿಸುಮಾತಿನಲ್ಲಿ.

ಸರ್ವಮಂಗಳ ಬಿ.ಎಸ್‌ಸಿ. ಓದಿ, ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಏಕಾಂತಯ್ಯನ ಹೆಂಡತಿಯಾಗಿ ಬಂದಿದ್ದಳು. ತುಮಕೂರಿನ ಒಂದು ವಿಜ್ಞಾನ ಕಾಲೇಜಿನ ಲೈಬ್ರರಿಯಲ್ಲಿ ಅಸಿಸ್ಟೆಂಟ್ ಕೆಲಸ. ಬೆಳಗಿನ ಪ್ಯಾಸೆಂಜರಿಗೆ ಹೋಗಿ ಸಂಜೆಯ ಗಾಡಿಗೆ ಬರುತ್ತಿದ್ದಳು. ಆವತ್ತು ಗಾಡಿಯಲ್ಲಿ ಪಕ್ಕದಲ್ಲಿ ಕೂತ ಹೆಂಗಸಿಗೆ ತಗುಲದ ಹಾಗೆ ಎಡಗೈಯನ್ನು ಮಡಿಲಲ್ಲಿ ಅದುಮಿಟ್ಟುಕೊಂಡೇ ತುಮಕೂರು ತಲುಪಿದಳು.

ಲೈಬ್ರರಿಯಲ್ಲಿ ಮಧ್ಯಾಹ್ನ ಜನ ಕಡಿಮೆಯಾದ ಮೇಲೆ ಮೂಲೆಯ ಬೀರು ತೆಗೆದಳು. ಪ್ರಪಂಚದ ಪತ್ರಿಕೆಗಳಲ್ಲಿ ಬಂದ ಲೇಖನಗಳ ಸಾರಾಂಶವನ್ನು ಅಚ್ಚು ಹಾಕಿದ ದಪ್ಪ ಸಂಪುಟಗಳು ಅಲ್ಲಿದ್ದವು. ಕೊನೆಯಲ್ಲಿ ಪದಗಳ ಪಟ್ಟಿ, ಪದದ ಮುಂದೆ ನಂಬರು, ನಂಬರು ಹಿಡಿದು ಹೋದರೆ ಲೇಖನ. ಲೆಕ್ಚರರುಗಳಿಗೆ ಇದನ್ನು ಹುಡುಕಿಕೊಡುವುದೇ ಅವಳ ಕೆಲಸವಾಗಿತ್ತು. ಆದರೆ ತನಗಾಗಿ ಯಾವ ಪದ ಹುಡುಕಬೇಕು? ಸ್ಪರ್ಶಜ್ಞಾನ ಹೋಗುವುದಕ್ಕೆ ಇಂಗ್ಲಿಷಿನಲ್ಲಿ 'ಅನೆಸ್ತೀಸಿಯಾ' ಎನ್ನುತ್ತಾರೆಂದು ನೆನಪಾಗಿ ಅದನ್ನು ತೆಗೆದಳು. ಪುಟಗಟ್ಟಲೆ ಬಂತು. ಎಲ್ಲವೂ ಆಪರೇಷನ್ನಿಗೆ ಮುಂಚೆ ಕೊಡುವ ಅರಿವಳಿಕೆಯ ವಿಷಯ. ಈಥರ್, ಕ್ಲೋರೋಫಾರಂ, ರೇಸ್ ಕುದುರೆಗೆ ಎಷ್ಟು ಕೊಡಬೇಕು. ಕುಣಿಗಲ್ಲಿನ ಕುದುರೆ ಫಾರಂ ನೆನಪಾಗಿ ಅವಳಿಗೆ ಒಂದು ಗಳಿಗೆ ನಗು ಬಂದಂತಾಯಿತು. ಬಹುಶಃ ನನಗಿರುವುದಕ್ಕೆ ಪದವೇ ಇಲ್ಲ, ಅದೊಂದು ಏನೂ ಅಲ್ಲದ ಮಚ್ಚೆ ಎನ್ನಿಸಿತು.

ಆಮೇಲೆ 'ಚರ್ಮ' ಎಂಬ ಪದದಡಿ ಹುಡುಕಿದಳು. ಅದರೊಳಗೆ ಸಣ್ಣ ಅಕ್ಷರದಲ್ಲಿ, 'ಬಿಳಚಿದ ಮಚ್ಚೆ, ಸ್ಪರ್ಶವಿಲ್ಲದ' ಎಂದಿತ್ತು. ಅದರ ಮುಂದೆ ನಂಬರಿರಲಿಲ್ಲ. 'ಇಲ್ಲಿ ನೋಡಿ' ಎಂದು ಬರೆದು ಇನ್ನೊಂದು ಪದ ಕೊಟ್ಟಿದ್ದರು. 'ಲೆಪ್ರಸಿ'. ಅವಳು ಸಂಪುಟ ಮುಚ್ಚಿದಳು. ಸುತ್ತ ನೋಡಿದಳು. ಓದುವ ಮೇಜಿನಲ್ಲಿ ಇಬ್ಬರು ಹುಡುಗಿಯರು ನೋಟ್ಸ್ ಬರೆದುಕೊಳ್ಳುತ್ತಿದ್ದರು, ಅಷ್ಟೆ.

ಮತ್ತೆ ತೆರೆಯಲು ಧೈರ್ಯ ಬರುವಷ್ಟರಲ್ಲಿ ಒಂದು ವಾರ ಕಳೆಯಿತು. ಆ ಸಂಪುಟಗಳೆಲ್ಲ ಹಳೆಯವು, ಕಾಲೇಜು ಚಂದಾ ನಿಲ್ಲಿಸಿ ವರ್ಷಗಳಾಗಿದ್ದವು. ಅವುಗಳಲ್ಲಿ ಇದ್ದದ್ದು ಕೊಕ್ಕೆಯಾದ ಬೆರಳು, ಕುಸಿದ ಮೂಗು, ಕುರುಡು. ಅವಳಿಗೆ ಬೇಕಾದದ್ದು ಎರಡೇ: ಇದು ಪುಟ್ಟಿಗೆ ಅಂಟುತ್ತದೆಯೇ, ಇದಕ್ಕೆ ಈಗ ಔಷಧಿ ಇದೆಯೇ. ಉತ್ತರ ಸಿಗುವವರೆಗೆ ಇರಲಿ ಎಂದು ಮಗಳ ಜಡೆ ಹಾಕುವುದನ್ನು ಬಿಟ್ಟಳು. ಒಂದೇ ತಟ್ಟೆಯಲ್ಲಿ ಉಣ್ಣಿಸುವುದನ್ನು ಬಿಟ್ಟಳು. "ತಲೆನೋವು" ಎಂದು ಹೇಳಿ ನಡುಮನೆಯ ಮೂಲೆಯಲ್ಲಿ ಬೇರೆ ಚಾಪೆ ಹಾಕಿಕೊಂಡಳು. ಡಾಕ್ಟರ ಬಳಿ ಹೋಗಲು ಭಯ. ಹೋದರೆ ಹೆಸರು ಬರೆದುಕೊಳ್ಳುತ್ತಾರೆ, ಸೈಕಲ್ಲಿನಲ್ಲಿ ಆರೋಗ್ಯ ಇಲಾಖೆಯವನು ಮನೆ ಹುಡುಕಿಕೊಂಡು ಬರುತ್ತಾನೆ, ಬೀದಿಯವರೆಲ್ಲ ಕೇಳುತ್ತಾರೆ. ಗಂಡ ಬಿಡಬೇಕೆಂದರೆ ಮದುವೆಯ ಕಾನೂನಿನಲ್ಲಿ ವಿಚ್ಛೇದನದ ಕಾರಣಗಳ ಸಾಲಿನಲ್ಲಿ ಆ ರೋಗದ ಹೆಸರಿತ್ತು. ಅದನ್ನು ಅವಳು ಲೈಬ್ರರಿಯ ಕಾನೂನು ಪುಸ್ತಕದಲ್ಲೇ ಓದಿದ್ದಳು.

ಆ ವರ್ಷ ಅವರ ಲೈಬ್ರರಿಗೆ ಹೊಸದೊಂದು ಸೌಕರ್ಯ ಬಂದಿತ್ತು. ಬೆಂಗಳೂರಿನ ಒಂದು ಮಾಹಿತಿ ಕೇಂದ್ರದಲ್ಲಿ ಈಚಿನ ಲೇಖನಗಳೆಲ್ಲ ಕಂಪ್ಯೂಟರಿನ ಟೇಪುಗಳಲ್ಲಿದ್ದವು. ಬೇಕಾದ ವಿಷಯದ ಮುಖ್ಯ ಪದಗಳನ್ನು ಫಾರಂ ತುಂಬಿ ಅಂಚೆಯಲ್ಲಿ ಕಳಿಸಿದರೆ ಕಂಪ್ಯೂಟರು ಹುಡುಕಿದ್ದನ್ನು ಅಚ್ಚು ಹಾಕಿ ಕಳಿಸುತ್ತಿದ್ದರು. ಲೈಬ್ರೇರಿಯನ್ ಖಲೀಲುಲ್ಲಾ ಸಾಹೇಬರು ಬೆಂಗಳೂರಿಗೆ ಹೋಗಿ ತರಬೇತಿ ಪಡೆದು ಬಂದಿದ್ದರು. ಮಾತು ಕಡಿಮೆಯ, ಬಿಳಿ ಗಡ್ಡದ ಮನುಷ್ಯ. ಫಾರಂ ಟೈಪ್ ಮಾಡುತ್ತಿದ್ದವಳು ಸರ್ವಮಂಗಳ.

ಅವಳು ತನ್ನದೇ ಹೆಸರಿನಲ್ಲಿ ಒಂದು ಫಾರಂ ಮಾಡಿದಳು. ಆದರೆ ಆ ಪದ ಹೊಡೆಯಲು ಬೆರಳು ಏಳಲಿಲ್ಲ. ಅದಕ್ಕೆ ಇನ್ನೊಂದು ಹೆಸರಿದೆಯೆಂದು ಓದಿದ್ದಳು, 'ಹ್ಯಾನ್ಸೆನ್ಸ್ ಡಿಸೀಸ್'. ಅದು ಯಾರಿಗೂ ಗೊತ್ತಾಗಲಾರದೆಂದು ಅದನ್ನೇ ಹೊಡೆದು ಕಳಿಸಿದಳು.

ಉತ್ತರ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಖಲೀಲುಲ್ಲಾ ಅವಳನ್ನು ಮೇಜಿನ ಬಳಿ ಕರೆದರು. ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಹಾಳೆ ಅವರ ಮುಂದೆ ಬಿಚ್ಚಿಕೊಂಡಿತ್ತು.

"ಈ ಹುಡುಕಾಟ ಸರಿಯಾಗಿಲ್ಲಮ್ಮ," ಎಂದರು ಅವರು. "ನಾಲ್ಕೇ ಲೇಖನ ಬಂದಿದೆ. ಒಂದು ಯಾವುದೋ ಕಾಡುಪ್ರಾಣೀದು."

"ಇರ್ಲಿ ಬಿಡಿ ಸಾರ್. ಏನೋ ಸುಮ್ನೆ ಕಳ್ಸಿದ್ದೆ."

ಅವರು ಅವಳ ಮುಖ ನೋಡಿದರು. ಸೆರಗಿನೊಳಗಿದ್ದ ಕೈಯನ್ನು ನೋಡಲಿಲ್ಲ. "ಯಾರಿಗೆ ಬೇಕು ಅಂತ ನಾನು ಕೇಳಲ್ಲ. ಈ ಕುರ್ಚೀಲಿ ಕೂತವ್ನು ಅದನ್ನ ಕೇಳ್ಬಾರ್ದು. ಏನು ತಿಳೀಬೇಕು, ಅದನ್ನ ಹೇಳಿ."

ಅವಳು ಸೆರಗನ್ನು ಇನ್ನಷ್ಟು ಎಳೆದುಕೊಂಡು, "ಮಕ್ಕಳಿಗೆ ಬರುತ್ತಾ ಅಂತ," ಎಂದಳು.

ಖಲೀಲುಲ್ಲಾ ಹೊಸ ಫಾರಂ ತೆಗೆದು ಅವಳ ಮುಂದಿಟ್ಟರು. "ಕಂಪ್ಯೂಟರಿಗೆ ನಾಚಿಕೆ ಇಲ್ಲಮ್ಮ. ಲೇಖನ ಬರೆದವರು ಯಾವ ಪದ ಹಾಕಿದಾರೋ ಅದನ್ನೇ ನಾವೂ ಹಾಕ್ಬೇಕು. ಬೇರೆ ಹೆಸರು ಹಾಕಿದ್ರೆ ಅದು ಪಕ್ಕದಲ್ಲೇ ಇದ್ರೂ ಇಲ್ಲ ಅನ್ನುತ್ತೆ. ಬರೀರಿ."

ಅವಳು ಪೆನ್ನು ಹಿಡಿದು ಕೂತಳು. ಮೊದಲ ಅಕ್ಷರ ಬರೆದಳು. ನಿಲ್ಲಿಸಿದಳು. ಕಣ್ಣಲ್ಲಿ ನೀರು ತುಂಬಿ ಗೆರೆಗಳು ಕಲಸಿಹೋದವು. ಖಲೀಲುಲ್ಲಾ ಎದ್ದು ಕಿಟಕಿಯ ಬಳಿ ಹೋಗಿ ಹೊರಗೆ ನೋಡುತ್ತ ನಿಂತರು. ಅವರು ತಿರುಗಿ ಬರುವಷ್ಟರಲ್ಲಿ ಪದ ಪೂರ್ತಿಯಾಗಿತ್ತು.

"ಇಷ್ಟೇ ಹಾಕಿದ್ರೆ ಸಾವಿರ ಬಂದು ಬೀಳುತ್ತೆ," ಎಂದು ಅವರು ಏನೂ ಆಗದವರಂತೆ ಮುಂದುವರಿಸಿದರು. "ಇದರ ಜೊತೆ 'ಆಂಡ್' ಹಾಕಿ, 'ಮಕ್ಕಳು' ಅಂತ ಬರೀರಿ. ಆಗ ಎರಡೂ ಪದ ಇರೋದು ಮಾತ್ರ ಬರುತ್ತೆ. 'ಮಕ್ಕಳು' ಅನ್ನೋದರ ಪಕ್ಕ 'ಆರ್' ಹಾಕಿ 'ಮನೆಯವರು' ಅಂತ ಬರೀರಿ. ಯಾವುದಿದ್ರೂ ಸಿಗುತ್ತೆ. ಕೆಳಗಿನ ಸಾಲಲ್ಲಿ 'ಚಿಕಿತ್ಸೆ'. ಈಚಿನ ವರ್ಷದ್ದು ಮಾತ್ರ ಕೇಳಿ. ಹಳೇದು ಓದಿ ಸುಮ್ನೆ ಹೆದರ್ಕೋಬೇಡಿ." ಕೊನೆಗೆ ಹೆಸರಿನ ಜಾಗಕ್ಕೆ ಬೆರಳಿಟ್ಟು, "ಇಲ್ಲಿ ನನ್ನ ಹೆಸರು ಹಾಕಿ," ಎಂದರು.

"ಬೇಡ ಸಾರ್."

"ಹಾಕಿ. ಮುದುಕನಿಗೆ ಓದೋ ಚಟ ಅಂದ್ಕೊಂಡಾರು."

ಹಾಗೆ ಯಾರೂ ಅಂದುಕೊಳ್ಳಲಿಲ್ಲ. ಫೆಬ್ರವರಿಯಲ್ಲಿ ಬಂದ ಕಟ್ಟಿನ ಮೊದಲ ಹಾಳೆಯಲ್ಲೇ ಖಲೀಲುಲ್ಲಾ ಎಂಬ ಹೆಸರೂ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಆ ಪದವೂ ಇದ್ದವು. ಅಂಚೆಯಲ್ಲಿ ಲಕೋಟೆ ಹರಿದಿತ್ತು. ಅದನ್ನು ಆಫೀಸಿನಿಂದ ತಂದುಕೊಟ್ಟ ಅಟೆಂಡರ್ ತಿಪ್ಪಯ್ಯ ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲವನಾಗಿದ್ದ.

ಸರ್ವಮಂಗಳ ಆ ಹಾಳೆಗಳನ್ನು ಬೀರುವಿನ ಹಿಂದೆ ನಿಂತು ಓದಿದಳು. ಕೆಲವು ಅರ್ಥವಾಗಲಿಲ್ಲ. ಅರ್ಥವಾದದ್ದು ಇಷ್ಟು: ಒಂದೆರಡು ಮಚ್ಚೆಯ ಬಗೆಯದು ಹರಡುವುದು ತೀರ ಕಡಿಮೆ, ಎರಡು ಔಷಧಿ ಸೇರಿಸಿ ಕೊಡುವ ಹೊಸ ಕ್ರಮದಲ್ಲಿ ಆರು ತಿಂಗಳಲ್ಲಿ ಗುಣವಾಗುತ್ತದೆ, ಮನೆಯವರನ್ನು ಪರೀಕ್ಷೆ ಮಾಡಿಸಬೇಕು. 'ತೀರ ಕಡಿಮೆ' ಎಂದರೆ ಇಲ್ಲವೆಂದಲ್ಲ. ಆ ಸಾಲನ್ನು ಎಷ್ಟು ಸಲ ಓದಿದರೂ ಅದು ಅಷ್ಟನ್ನೇ ಹೇಳಿತು.

ಆದರೂ ಆ ಹಾಳೆಗಳೇ ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದವು. ತುಮಕೂರಿನ ಚರ್ಮರೋಗದ ಡಾಕ್ಟರು ಮಹಾಲಿಂಗಯ್ಯನವರು ಮೊಣಕೈಯ ಒಳಬದಿಗೆ ಬೆರಳಿಟ್ಟು ಒಂದು ನರವನ್ನು ಉರುಳಿಸಿ ನೋಡಿದರು. "ಕಣ್ಣು ಮುಚ್ಕೊಳ್ಳಿ. ಹತ್ತಿ ಎಳೇಲಿ ಮುಟ್ತೀನಿ. ಮುಟ್ಟಿದ ಕಡೆ ಬೆರಳಿಟ್ಟು ತೋರ್ಸಿ."

ಅವಳು ಕಣ್ಣು ಮುಚ್ಚಿ ಕಾದಳು. ಇನ್ನೂ ಶುರುವಾಗಿಲ್ಲವೆಂದು ತಿಳಿದಿದ್ದಳು.

"ಸಾಕು, ಕಣ್ಣು ಬಿಡಿ," ಎಂದರು ಡಾಕ್ಟರು. "ನಾಲ್ಕು ಸಲ ಮುಟ್ಟಿದೆ."

ಅವಳು ತಂದಿದ್ದ ಹಾಳೆಗಳನ್ನು ಅವರು ಕನ್ನಡಕ ಹಾಕಿಕೊಂಡು ಓದಿದರು. ಇದೇ ಔಷಧಿ ಕೊಡುತ್ತೇನೆ ಎಂದರು. ಮಾತ್ರೆ ನುಂಗಿದ ದಿನ ಮೂತ್ರ ಕೆಂಪಗೆ ಹೋಗುತ್ತದೆ, ರಕ್ತವೆಂದು ಗಾಬರಿಯಾಗಬೇಡಿ ಎಂದರು. ಮನೆಯವರನ್ನು ಕರೆದುಕೊಂಡು ಬನ್ನಿ ಎಂದಾಗ ಮಾತ್ರ ಅವಳು ಹಾಳೆಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದಳು.

ಕಾಲೇಜಿನಲ್ಲಿ ಅಷ್ಟರಲ್ಲಿ ಬೇರೆಯೇ ನಡೆಯುತ್ತಿತ್ತು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಖಲೀಲುಲ್ಲಾ ಸಹಿ ಮಾಡಿದ ಪುಸ್ತಕವನ್ನು ಒಬ್ಬ ಲೆಕ್ಚರರು ಕರವಸ್ತ್ರದಲ್ಲಿ ಹಿಡಿದು ತೆಗೆದುಕೊಂಡರು. ಸ್ಟಾಫ್ ರೂಮಿನಲ್ಲಿ ಅವರು ಕೂರುವ ಕುರ್ಚಿಯ ಆಚೀಚೆ ಖಾಲಿಯಾಯಿತು. ಒಂದು ದಿನ ತಿಪ್ಪಯ್ಯ ಎಲ್ಲರಿಗೂ ಪಿಂಗಾಣಿ ಕಪ್ಪಿನಲ್ಲಿ ಟೀ ಕೊಟ್ಟು, ಖಲೀಲುಲ್ಲಾ ಅವರಿಗೆ ಅಂಚು ಒಡೆದ ಒಂದು ಗಾಜಿನ ಲೋಟದಲ್ಲಿ ಇಟ್ಟ. ಅವರು ಲೋಟವನ್ನು ಒಂದು ಸಲ ನೋಡಿ ಟೀ ಕುಡಿದರು. ತಾವೇ ನಲ್ಲಿಗೆ ಹೋಗಿ ತೊಳೆದು ಕಿಟಕಿಯ ಮೇಲಿಟ್ಟರು. ಮಾರನೆಯ ದಿನವೂ ಅದೇ ಲೋಟ ಬಂತು.

ಸರ್ವಮಂಗಳ ನೋಡಿದಳು, ಸುಮ್ಮನಿದ್ದಳು. ಬಾಯಿ ಬಿಟ್ಟರೆ ಆ ಲೋಟ ತನ್ನ ಮುಂದೆ ಬರುತ್ತದೆ. ತುಮಕೂರಿನಲ್ಲಿ ಬಂದರೆ ಬರಲಿ. ಸಂಜೆ ಗಾಡಿಯಲ್ಲಿ ಮಾತು ಗುಬ್ಬಿಗೆ ಹೋಗುತ್ತದೆ, ಮನೆಯೊಳಕ್ಕೆ ಬರುತ್ತದೆ. ಹೊಲದ ಮೂಲೆಯ ಗುಡಿಸಲು ಅವಳ ಕಣ್ಣಿಗೆ ಕಟ್ಟುತ್ತಿತ್ತು. ಅದರೊಳಗೆ ದೊಡ್ಡಮ್ಮನಲ್ಲ, ತಾನೇ ಕೂತಿದ್ದಳು.

ಒಂದು ಮಧ್ಯಾಹ್ನ ಖಲೀಲುಲ್ಲಾರ ಹೆಂಡತಿ ಜಮಾಲುನ್ನೀಸಾ ಲೈಬ್ರರಿಗೆ ಬಂದು ಗಂಡನ ಹತ್ತಿರ ಏನೋ ಹೇಳಿ ಬುರ್ಖಾದ ತುದಿಯಿಂದ ಕಣ್ಣೊರೆಸಿಕೊಂಡು ಹೋದರು. ಏನೆಂದು ಸರ್ವಮಂಗಳ ಖಲೀಲುಲ್ಲಾರನ್ನು ಕೇಳಿದಳು. ಎರಡನೆಯ ಸಲ ಕೇಳಿದಾಗ ಅವರು, "ನಮ್ಮ ಮಗಳು ಬಾನು ಮದ್ವೆ ಗೊತ್ತಾಗಿತ್ತಲ್ಲ. ಗಂಡಿನ ಕಡೆಯವರು ಸ್ವಲ್ಪ ದಿನ ತಡೀರಿ ಅಂದಿದಾರೆ. ಅವರ ಸಂಬಂಧದ ಹುಡುಗ ಒಬ್ಬ ಇಲ್ಲೇ ಓದ್ತಾನೆ," ಎಂದರು. ಅಷ್ಟು ಹೇಳಿ ಕಾರ್ಡುಗಳ ಡ್ರಾಯರಿನ ಕಡೆ ತಿರುಗಿದರು.

ಸರ್ವಮಂಗಳ ತನ್ನ ಜಾಗದಲ್ಲಿ ಕೂತಳು. ಟೀ ಹೊತ್ತಿಗೆ ಸ್ಟಾಫ್ ರೂಮಿಗೆ ಹೋದಳು. ತಿಪ್ಪಯ್ಯ ಲೋಟವನ್ನು ಮೇಜಿನ ಮೇಲಿಡುತ್ತಿದ್ದ. ಅವಳು ಹೋಗಿ ಅದನ್ನು ತೆಗೆದುಕೊಂಡಳು.

"ಅದು ಸಾಹೇಬ್ರುದು ಕಣಮ್ಮ," ಎಂದ ತಿಪ್ಪಯ್ಯ.

"ಅಲ್ಲ, ನಂದು," ಎಂದಳು. "ಬೆಂಗಳೂರಿಂದ ಆ ಪೇಪರ್ ತರಿಸಿದ್ದು ನನಗೋಸ್ಕರ. ಸಾರ್‌ಗೆ ಏನೂ ಇಲ್ಲ. ಖಾಯಿಲೆ ಇರೋದು ನನ್ ಕೈಲಿ." ಸೆರಗು ಸರಿಸಿ ತೋರಿಸಿದಳು.

ಹತ್ತಿರ ಕೂತಿದ್ದ ಇಬ್ಬರು ಎದ್ದು ನಿಂತರು. ಅವಳು ನಿಂತಲ್ಲೇ ಆ ಟೀ ಕುಡಿದಳು, ಅರ್ಧ ಸೀರೆಯ ಮೇಲೆ ಚೆಲ್ಲಿತು.

ಪ್ರಿನ್ಸಿಪಾಲರು ಡಾಕ್ಟರ ಸರ್ಟಿಫಿಕೇಟ್ ತರುವವರೆಗೆ ರಜೆಯ ಮೇಲಿರಿ ಎಂದರು. ಖಲೀಲುಲ್ಲಾ ಗೇಟಿನವರೆಗೆ ಜೊತೆಗೆ ಬಂದರು. "ಯಾಕೆ ಹೇಳಿದ್ರಿ? ನಂದು ನಾಲ್ಕು ದಿನದಲ್ಲಿ ತಣ್ಣಗಾಗ್ತಿತ್ತು. ನಿಮ್ದು ಹಾಗಲ್ಲ," ಎಂದರು. ಅವರ ಮುಖದಲ್ಲಿ ಸಿಟ್ಟೂ ಇತ್ತು, ಇನ್ನೇನೋ ಇತ್ತು.

ಸಂಜೆಯ ಗಾಡಿಗಿಂತ ಮುಂಚೆ ಬಸ್ಸು ಹಿಡಿದಳು. ಗಾಡಿಯಲ್ಲಿ ಬರುವ ಮಾತಿಗಿಂತ ಮೊದಲು ತಾನೇ ಮನೆ ಸೇರಬೇಕಿತ್ತು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಜೋಡಿಸಿಕೊಂಡಳು, ಮನೆಯ ಬಾಗಿಲು ಕಂಡಾಗ ಎಲ್ಲ ಮರೆತುಹೋಯಿತು. ಗಂಡ ಏಕಾಂತಯ್ಯ ಜಗಲಿಯಲ್ಲಿ ಕೂತಿದ್ದ, ಅತ್ತೆ ಸಿದ್ದಗಂಗಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಅವಳು ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತು ಹೇಳಿಬಿಟ್ಟಳು. ಆ ಪದವನ್ನೇ ಹೇಳಿದಳು, ಕನ್ನಡದಲ್ಲಿ, ಕುಷ್ಠ ಎಂದು.

ಏಕಾಂತಯ್ಯ ಎದ್ದ. ಚಪ್ಪಲಿ ಮೆಟ್ಟಿಕೊಂಡು ಮಂಡಿಯ ಕಡೆ ಹೊರಟುಹೋದ. ಅವಳು ಅವನ ಬೆನ್ನನ್ನೇ ನೋಡಿದಳು.

ಸಿದ್ದಗಂಗಮ್ಮ ಮೊರ ಕೆಳಗಿಟ್ಟರು. "ಕೂಸಿನ ತಲೆ ಬಾಚೋದು ಬಿಟ್ಟಿದ್ದು ಅದಕ್ಕಾ?"

"ಹೂಂ ಅತ್ತೆ."

"ನಾನು ಏನೇನೋ ಅಂದ್ಕೊಂಡಿದ್ದೆ ಕಣೆ. ಮನೆ ಬಿಟ್ಟು ಹೋಗೋಕೆ ಹೊಂಚು ಹಾಕ್ತಾವ್ಳೆ ಅಂತ." ಮೊರವನ್ನು ಪಕ್ಕಕ್ಕೆ ಸರಿಸಿ, "ಕೂಸಿಗೆ ಬತ್ತದಾ?" ಎಂದರು.

ಸರ್ವಮಂಗಳ ಚೀಲದಿಂದ ಹಾಳೆ ತೆಗೆದು, ಆ ಸಾಲುಗಳನ್ನು ಕನ್ನಡ ಮಾಡಿ ಓದಿದಳು. ಸಿದ್ದಗಂಗಮ್ಮ ಕೊನೆಯವರೆಗೆ ಕೇಳಿದರು.

"ಇದನ್ನ ಬರೆದವ್ನ ಮನೇಲಿ ಈ ಖಾಯಿಲೆ ಇತ್ತಾ?"

"ಗೊತ್ತಿಲ್ಲ ಅತ್ತೆ. ನೂರಾರು ಮನೆ ನೋಡಿ ಬರ್ದವ್ರೆ."

"ಸರಿ. ನಮ್ ಮನೇನೂ ನೋಡ್ಲಿ. ಆಮೇಲೆ ಮಾತು," ಎಂದರು ಮುದುಕಿ. "ಒಳಗ್ ಬಾ. ಅಂಗಳದಲ್ಲಿ ನಿಂತ್ರೆ ಬೀದೀಗೆಲ್ಲ ಕಾಣ್ತದೆ."

ಏಕಾಂತಯ್ಯ ಅಂದು ಮಂಡಿಯಲ್ಲೇ ಮಲಗಿದ. ಮಾರನೆಯ ದಿನ ಊಟಕ್ಕೆ ಬಂದ, ಹೆಂಡತಿ ಬಡಿಸಲು ಬಂದಾಗ ತಾಯಿಯ ಕಡೆ ನೋಡಿದ. ಸಿದ್ದಗಂಗಮ್ಮ ಬಡಿಸಿದರು. ನಾಲ್ಕನೆಯ ದಿನ ಮಹಾಲಿಂಗಯ್ಯ ಡಾಕ್ಟರ ಬಳಿಗೆ ಹೋಗುವುದೆಂದಾಯಿತು. ಆರೋಗ್ಯ ಇಲಾಖೆಯವನು ಮನೆಗೆ ಬರುವುದಕ್ಕಿಂತ ತಾವೇ ಹೋಗುವುದು ಮೇಲು ಎಂದದ್ದೂ ಮುದುಕಿಯೇ. ಏಕಾಂತಯ್ಯ ಬಂದ, ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಒಬ್ಬನೇ ಕೂತು.

ಸಿದ್ದಗಂಗಮ್ಮನಿಗೆ ಏನೂ ಇರಲಿಲ್ಲ. ಏಕಾಂತಯ್ಯನಿಗೂ ಇರಲಿಲ್ಲ. ಪುಟ್ಟಿಯ ಅಂಗಿ ತೆಗೆದು ನೋಡುವಾಗ ಡಾಕ್ಟರು ಅವಳ ಬೆನ್ನಿನ ಮೇಲೆ ಒಂದು ಕಡೆ ನಿಂತರು. ಅಲ್ಲಿ ಮಸುಕಾದ ಬಿಳಿ ಕಲೆಯೊಂದಿತ್ತು. ತಾಯಿಗೆ ಅದು ಈವರೆಗೆ ಕಂಡಿರಲಿಲ್ಲ. ಮಗಳಿಗೆ ಸ್ನಾನ ಮಾಡಿಸುವುದನ್ನೂ ಬಿಟ್ಟಿದ್ದಳಲ್ಲ. ಅವಳು ಗೋಡೆಗೆ ಒರಗಿದಳು. ಏಕಾಂತಯ್ಯ ಅವಳ ಕಡೆ ನೋಡಿದ ನೋಟವನ್ನು ಅವಳು ಮುಂದೆ ಎಂದೂ ಮರೆಯಲಿಲ್ಲ.

"ಕಣ್ಣು ಮುಚ್ಕೋ ಮಗಳೆ," ಎಂದರು ಡಾಕ್ಟರು. "ಮುಟ್ಟಿದಾಗ ಹೇಳು."

ಹತ್ತಿಯ ಎಳೆ ಕಲೆಯ ಅಂಚಿಗೆ ತಗುಲಿತು.

"ಈಗ," ಎಂದಳು ಪುಟ್ಟಿ.

ನಡುವೆ ತಗುಲಿತು. "ಈಗ."

ಡಾಕ್ಟರು ಮುಟ್ಟದೆ ಸುಮ್ಮನೆ ಕಾದರು. ಪುಟ್ಟಿಯೂ ಸುಮ್ಮನಿದ್ದಳು. ತೀರ ಹಗುರಾಗಿ, ತಾಯಿಯ ಕಣ್ಣಿಗೇ ಮುಟ್ಟಿತೋ ಇಲ್ಲವೋ ತಿಳಿಯದ ಹಾಗೆ ಸೋಕಿಸಿದರು. "ಈಗ. ಕಚಗುಳಿ ಆಗುತ್ತೆ," ಎಂದು ಹುಡುಗಿ ಭುಜ ಕುಗ್ಗಿಸಿದಳು.

"ಇದು ಬರೀ ಚಿಬ್ಬು. ಮುಲಾಮು ಬರ್ಕೊಡ್ತೀನಿ," ಎಂದರು ಮಹಾಲಿಂಗಯ್ಯ.

ಸರ್ವಮಂಗಳ ನೆಲಕ್ಕೆ ಕೂತು ಅತ್ತಳು. ಡಿಸೆಂಬರಿನಿಂದ ಅವಳು ದನಿ ತೆಗೆದು ಅತ್ತದ್ದು ಅದೇ ಮೊದಲು.

ಸರ್ಟಿಫಿಕೇಟ್ ತೋರಿಸಿ ಏಪ್ರಿಲಿನಲ್ಲಿ ಕೆಲಸಕ್ಕೆ ಮರಳಿದಳು. ಕೆಲವರು ಅವಳಿಂದ ಪುಸ್ತಕ ತೆಗೆದುಕೊಳ್ಳದೆ ಖಲೀಲುಲ್ಲಾ ಬರುವವರೆಗೆ ಕಾಯುತ್ತಿದ್ದರು. ಅವರು ಬೇಕೆಂದೇ ತಡವಾಗಿ ಬರುತ್ತಿದ್ದರು. ಬಾನುವಿನ ಮದುವೆ ಆ ಬೇಸಿಗೆಯಲ್ಲೇ ಅದೇ ಮನೆಯವರೊಂದಿಗೆ ನಡೆಯಿತು. ಸರ್ವಮಂಗಳಳಿಗೂ ಕರೆಯಿತ್ತು. ಹೋಗಲು ಅಂಜಿ ಹೋಗದೆ ಉಳಿದಳು. ಜಮಾಲುನ್ನೀಸಾ ಮಾರನೆಯ ದಿನ ಸಿಹಿಯ ಡಬ್ಬ ಹಿಡಿದು ಗಂಡನ ಜೊತೆ ಕಾಲೇಜಿಗೇ ಬಂದರು.

ಆರು ತಿಂಗಳ ಮಾತ್ರೆ ಮುಗಿಯಿತು. ಮಚ್ಚೆ ಬಣ್ಣಕ್ಕೆ ಬಂತು, ಅಲ್ಲಿ ಸ್ವಲ್ಪ ಸ್ಪರ್ಶವೂ ಮರಳಿತು. ಕಿರುಬೆರಳಿನ ಬಲ ಮಾತ್ರ ಪೂರ್ತಿ ಬರಲಿಲ್ಲ, ಟೈಪ್ ಮಾಡುವಾಗ ಅದು ಹಿಂದೆ ಬೀಳುತ್ತಿತ್ತು. ಏಕಾಂತಯ್ಯ ಮಂಡಿಯಿಂದ ಮನೆಗೆ ಮಲಗಲು ಬಂದದ್ದು ದೀಪಾವಳಿಯ ಹೊತ್ತಿಗೆ. ಅವನು ಕ್ಷಮೆ ಕೇಳಲಿಲ್ಲ, ಅವಳೂ ಕೇಳಿಸಿಕೊಳ್ಳಲು ಕಾಯಲಿಲ್ಲ. ಇಬ್ಬರ ನಡುವೆ ಆಮೇಲೂ ಒಂದು ಅಳುಕು ಉಳಿಯಿತೆಂದು ಅವಳೇ ಹೇಳುತ್ತಿದ್ದಳು.

ಡಾಕ್ಟರು ಮಹಾಲಿಂಗಯ್ಯ ಆಗಾಗ ಲೈಬ್ರರಿಗೆ ಬಂದು ಫಾರಂ ತುಂಬುತ್ತಿದ್ದರು. ಯಾವ ಪದಕ್ಕೆ ಯಾವ ಪದ ಸೇರಿಸಬೇಕೆಂದು ಸರ್ವಮಂಗಳ ಅವರ ಜೊತೆ ಕೂತು ಯೋಚಿಸುತ್ತಿದ್ದಳು. ಬೆಂಗಳೂರಿನಿಂದ ಲಕೋಟೆ ಬಂದ ದಿನ ಅದನ್ನು ಒಡೆಯುವಾಗ ಎಷ್ಟೋ ವರ್ಷಗಳವರೆಗೆ ಅವಳ ಎದೆ ಒಂದು ಸಲ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಹಾಳೆ ಬಿಚ್ಚಿ, ಓದಿ, ಡಾಕ್ಟರಿಗೆ ಫೋನು ಮಾಡುತ್ತಿದ್ದಳು.